ನಮ್ಮೂರು ಮ್ಯೂಲ್ ಕ್ರೀಕ್

ಇಷ್ಟೆಲ್ಲ ಅನಾಹುತಕ್ಕೆ ಮೂಲ ಗೋಡೆಯ ಮೇಲಿದ್ದ ಒಂದು ಕ್ಯಾಲೆಂಡರ್. ಅದನ್ನು ನೋಡಿದ್ದು ನೀಲಾ. ನೋಡಿ ಸುಮ್ಮನಿರಬಹುದಿತ್ತು. ಆದರೆ ಪಕ್ಕದ ಮನೆಯ ಕಸದ ಡಬ್ಬಿ ನೋಡಿಯೇ ಅವರ ಮನೆಗೆ ನೆಂಟರು ಬಂದಿದ್ದಾರೆಂದು ಹೇಳಬಲ್ಲ ನೀಲಾಗೆ ಸುಮ್ಮನಿದ್ದು ಅಭ್ಯಾಸವಿರಲಿಲ್ಲ.

ಹೇಮಚಂದ್ರ ಐರ್ಲೆಂಡಿನ ಸ್ಲೈಗೋ ಪಟ್ಟಣದ ಆಸ್ಪತ್ರೆಯಲ್ಲಿ ಡಾಕ್ಟರು. ಬಂದಾಗಿನಿಂದ ಗೆಳೆಯ ಗಗನ್ ಮತ್ತು ಅವನ ಹೆಂಡತಿ ನೀಲಾಳ ಮನೆಯ ಪುಟ್ಟ ಕೋಣೆಯಲ್ಲಿ, ಇಸ್ತ್ರಿ ಟೇಬಲ್ಲಿನ ಪಕ್ಕ ಮಲಗುತ್ತಿದ್ದ. ಐರ್ಲೆಂಡಿನಲ್ಲಿ ಕೆಲಸ ಸಿಗುತ್ತದೆ, ಬಿಸಿಲೂ ಒಮ್ಮೊಮ್ಮೆ ಸಿಗುತ್ತದೆ, ಬಾಡಿಗೆ ಮನೆ ಮಾತ್ರ ಸಿಗುವುದಿಲ್ಲ. ಈಗ ಶನಿವಾರ ಹೆಂಡತಿ ಸಿಂಧು ಬರುವವಳಿದ್ದಳು, ಜೊತೆಗೆ ಅತ್ತೆ ಅಕ್ಕಮ್ಮನವರೂ. ಮನೆ ಗೊತ್ತಾಗಿದೆ ಎಂದು ಇವನು ಫೋನಿನಲ್ಲಿ ಹೇಳಿಬಿಟ್ಟಿದ್ದ. ಹಿತ್ತಲಲ್ಲಿ ಸೇಬಿನ ಮರ ಇದೆ ಎಂದೂ ಸೇರಿಸಿದ್ದ. ಆ ಮರ ಬಾಯಿಗೆ ಎಲ್ಲಿಂದ ಬಂತೋ ಅವನಿಗೇ ತಿಳಿಯದು.

"ಇಲ್ನೋಡಿ," ನೀಲಾ ಬಾಡಿಗೆ ಮನೆಯ ಜಾಹೀರಾತಿನ ಫೋಟೋ ದೊಡ್ಡದು ಮಾಡಿದಳು. "ಅಡುಗೆಮನೆ ಗೋಡೆ ಮೇಲೆ ಕ್ಯಾಲೆಂಡರ್ ಇದೆಯಲ್ಲ, ಅದರಲ್ಲಿ ಮ್ಯೂಲ್ ಕ್ರೀಕ್, ನೆಬ್ರಾಸ್ಕ ಅಂತಿದೆ. ಓನರ್ ಅಮೆರಿಕದಲ್ಲಿದ್ದು ಬಂದೋರು. ನೀವು ಹೋಗಿ, ನಂದೂ ಅದೇ ಊರು ಅನ್ನಿ. ಮನೆ ನಿಮ್ದೇ."

"ನಾನು ಅಮೆರಿಕಾನೇ ನೋಡಿಲ್ಲ."

"ನೋಡ್ಬೇಕಾಗಿಲ್ಲ ಕಣೋ," ಎಂದ ಗಗನ್. "ನಮ್ಮಪ್ಪ ಟ್ರೇನಲ್ಲಿ ಸೀಟು ಗಿಟ್ಟಿಸೋದೇ ಹಂಗೆ. ತಮ್ದು ಯಾವೂರು ಅಂತ ಕೇಳ್ತಾರೆ. ಅವ್ರು ಯಾವೂರು ಅಂದ್ರೂ, ಅಯ್ಯೋ, ನಮ್ ಚಿಕ್ಕಮ್ಮನ್ನ ಅಲ್ಲೇ ಕೊಟ್ಟಿರೋದು ಅಂತಾರೆ. ನಮ್ಮಪ್ಪಂಗೆ ಚಿಕ್ಕಮ್ಮನೇ ಇಲ್ಲ. ಸೀಟು ಮಾತ್ರ ಯಾವತ್ತೂ ತಪ್ಪಿಲ್ಲ."

ಕಾರಿನಲ್ಲಿ ದಾರಿಯುದ್ದಕ್ಕೂ ನೀಲಾ ಮೊಬೈಲ್ ನೋಡಿ ಆ ಊರಿನ ಪಾಠ ಹೇಳಿಕೊಟ್ಟಳು. ಸುತ್ತ ಜೋಳದ ಹೊಲ, ಮಧ್ಯೆ ನೀರಿಲ್ಲದ ಹಳ್ಳ. ಹಿಂದೆ ರೈಲು ದಾರಿ ಅಳೆಯಲು ಬಂದವರ ಹೇಸರಗತ್ತೆ ಅಲ್ಲಿ ಕೂತಿತು, ಮೇಲೇಳಲಿಲ್ಲ. ಅದನ್ನು ಎಬ್ಬಿಸಲು ನಿಂತವರು ಕಾದೂ ಕಾದೂ ಅಲ್ಲೇ ಮನೆ ಕಟ್ಟಿಕೊಂಡರು. ರೈಲು ಮಾತ್ರ ಬೇರೆ ಕಡೆ ಹೋಯಿತು. ಜನ ಇನ್ನೂರು ಚಿಲ್ಲರೆ. ಅಲ್ಲಿಗೆ ಮೊಬೈಲಿನಲ್ಲಿದ್ದ ಮಾಹಿತಿ ಮುಗಿಯಿತು.

ಸ್ಲೈಗೋದಿಂದಾಚೆ, ಆ ಬಾಡಿಗೆ ಮನೆಯಿದ್ದ ಹಳ್ಳಿ ತಲುಪಿದಾಗ ಮನೆ ನೋಡಲು ಬಂದವರ ಸಾಲು ಚರ್ಚಿನ ತನಕ ಬೆಳೆದಿತ್ತು. ಹೇಮಚಂದ್ರನ ಜೀವ ಅಲ್ಲೇ ಅರ್ಧ ಹೋಯಿತು. ಪಕ್ಕದ ಮನೆಯ ಬ್ರಿಡಿ ಎಂಬ ಮುದುಕಿ ಕಾಂಪೌಂಡಿಗೆ ಒರಗಿ, ಸಾಲಿನಲ್ಲಿ ನಿಂತ ಒಬ್ಬೊಬ್ಬರನ್ನೂ ವಿಚಾರಿಸುತ್ತಿದ್ದಳು.

"ಈ ಮನೆ ಓನರ್ ಎಮನ್ ಅಮೆರಿಕಕ್ಕೆ ವಾಪಸ್ ಹೊರಟಿದ್ದಾನೆ, ಪಾಪ," ಎಂದು ಅವಳೇ ಹೇಳಿದಳು. "ಇಲ್ಲಿ ಹುಟ್ಟಿದೋನೇ. ಆದ್ರೆ ಬಾಯಿ ಬಿಟ್ರೆ ಮ್ಯೂಲ್ ಕ್ರೀಕು. ಅವನು ಪಬ್ಬಿಗೆ ಬಂದ ತಕ್ಷಣ ಎಲ್ರಿಗೂ ಮನೇಲಿರೋ ದನ ನೆನಪಾಗುತ್ತೆ, ಎದ್ದು ಹೋಗ್ತಾರೆ. ಮಾತಾಡೋಕೆ ಜನ ಇಲ್ದೆ ಸೊರಗಿಹೋದ. ನಿಂದು ಯಾವೂರಪ್ಪ?"

ಭಾವನೋ ಮೈದುನನೋ ಮ್ಯೂಲ್ ಕ್ರೀಕಿನಲ್ಲಿದ್ದಾನೆ ಎಂದು ಸಣ್ಣದಾಗಿ ಹೇಳುವುದು ಹೇಮಚಂದ್ರನ ಯೋಚನೆಯಾಗಿತ್ತು. ಆದರೆ ಉದ್ದದ ಸಾಲು ನೋಡಿ ಬಾಯಿ ಅವನ ಮಾತು ಕೇಳಲಿಲ್ಲ. "ನಂದೂ ಮ್ಯೂಲ್ ಕ್ರೀಕೇ," ಅಂದುಬಿಟ್ಟ.

ಬ್ರಿಡಿ ಅವನ ತೋಳು ಹಿಡಿದು, ಇಡೀ ಸಾಲನ್ನು ದಾಟಿಸಿ, ಎಮನ್‌ನ ಅಡುಗೆಮನೆಯಲ್ಲಿ ತಂದು ಕೂರಿಸಿದಳು.

ಎಮನ್ ಎತ್ತರದ, ಬಡಕಲು ಮುದುಕ. ಸುದ್ದಿ ಕೇಳಿ ಕೈಲಿದ್ದ ಕೆಟಲ್ ಕೆಳಗಿಟ್ಟ. "ನಾನಲ್ಲಿ ಮೂವತ್ತು ವರ್ಷ ಜೋಳದ ಲಾರಿ ಓಡಿಸಿದೆ. ನಿನ್ನ ನೋಡಿದ ನೆನಪಿಲ್ಲ."

"ನೀವು ಈ ಕಡೆ ಬಂದ್ಮೇಲೆ ನಾನು ಹೋಗಿದ್ದು, ಎಮನ್ ಸರ್. ಕ್ಲಿನಿಕ್ಕಲ್ಲಿದ್ದೆ."

"ಹಳ್ಳ ಹೇಗಿದೆ?"

"ನೀರಿಲ್ಲ."

"ಯಾವತ್ತಿತ್ತು?" ಎಮನ್ ಸಂತೋಷದಿಂದ ತೊಡೆ ತಟ್ಟಿಕೊಂಡ. ಹೇಮಚಂದ್ರ ಜೋಳ, ಹೇಸರಗತ್ತೆ, ಬಾರದ ರೈಲು ಎಲ್ಲವನ್ನೂ ಒಪ್ಪಿಸಿದ. ಎಮನ್ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು, "ಜನ ಹೇಗಿದ್ದಾರೆ? ನಮ್ಮ ಕ್ಷೌರಿಕ?" ಎಂದ.

ಜನರ ಬಗ್ಗೆ ಮೊಬೈಲಿನಲ್ಲಿದ್ದದ್ದು ಬರೀ ಇನ್ನೂರು ಚಿಲ್ಲರೆ. ಬೇರೆ ದಾರಿ ಕಾಣದೆ ಹೇಮಚಂದ್ರ ಕಣ್ಣು ಮುಚ್ಚಿ, ತನ್ನ ಹುಟ್ಟೂರು ಹೊಸಕೆರೆಯ ಕ್ಷೌರಿಕ ಭೀಮಪ್ಪನನ್ನು ನೆನೆದುಕೊಂಡ.

"ಅದೇ ಹಳೇ ಬುದ್ಧಿ. ಅರ್ಧ ಮುಖ ಬೋಳಿಸಿರ್ತಾನೆ, ಬೀದೀಲಿ ಜಗಳ ಅಂತ ಕಿವಿಗೆ ಬಿದ್ರೆ ಕತ್ತಿ ಹಿಡ್ಕೊಂಡೇ ಓಡ್ತಾನೆ. ಇನ್ನರ್ಧ ಮುಖ ಜಗಳ ಮುಗಿದ್ಮೇಲೆ."

"ಅವನೇ, ಅವನೇ," ಎಂದು ಎಮನ್ ಮೇಜು ಕುಟ್ಟಿದ. "ಪೋಸ್ಟ್ ಆಫೀಸಲ್ಲಿ?"

ಹೊಸಕೆರೆಯ ಪೋಸ್ಟ್ ಮಾಸ್ತರ್ ಶಿವರುದ್ರಪ್ಪನವರು ಆಪದ್ಬಾಂಧವರಂತೆ ಒದಗಿಬಂದರು. "ಕಾಗದ ಕೊಡೋಕ್ಮುಂಚೆ ಅವ್ರೇ ಓದ್ತಾರೆ. ಕೊಡುವಾಗ ಏನು ಉತ್ತರ ಬರೀಬೇಕು ಅಂತ ಸಲಹೇನೂ ಕೊಡ್ತಾರೆ."

"ನೀರಿನ ಟ್ಯಾಂಕ್?"

"ಉದ್ಘಾಟನೆ ಆಯ್ತು, ಮೂರು ಸಲ ಬಣ್ಣ ಹೊಡೆದ್ರು. ನೀರು ಬಿಡೋದು ಮರೆತ್ರು."

ಎಮನ್ ಕಣ್ಣೊರೆಸಿಕೊಂಡ. ಹೇಮಚಂದ್ರನೂ ಕುರ್ಚಿಯನ್ನು ಮುಂದಕ್ಕೆಳೆದುಕೊಂಡ. ಊರು ಬಿಟ್ಟು ಬಂದ ಮೇಲೆ ಭೀಮಪ್ಪನ ಬಗ್ಗೆ ಇಷ್ಟು ಆಸೆಯಿಂದ ಅವನನ್ನು ಯಾರೂ ಕೇಳಿರಲಿಲ್ಲ. ಆ ಉತ್ಸಾಹದಲ್ಲಿ ನಾಲಿಗೆ ಜಾರಿತು. "ನಮ್ಮನೆ ಬಸ್ ಸ್ಟ್ಯಾಂಡಿನ ಹಿಂದೇನೇ," ಎಂದ.

ಎಮನ್ ಹುಬ್ಬು ಗಂಟಿಕ್ಕಿದ. "ಮ್ಯೂಲ್ ಕ್ರೀಕಿಗೆ ಬಸ್ಸೇ ಬರಲ್ಲ."

ಅತ್ತೆಯವರು ಸೂಟ್‌ಕೇಸ್ ಹಿಡಿದು ಮಳೆಯಲ್ಲಿ ನಿಂತಿರುವುದು ಹೇಮಚಂದ್ರನ ಕಣ್ಮುಂದೆ ಬಂತು. "ಬರಲ್ಲ ಸರ್," ಎಂದ ಮೆಲ್ಲಗೆ. "ಸ್ಟ್ಯಾಂಡ್ ಮಾತ್ರ ಕಟ್ಟಿದ್ದಾರೆ."

ಎಮನ್ ಎರಡು ಕಪ್ಪಿಗೂ ಬಿಸಿನೀರು ಬಗ್ಗಿಸಿದ. "ಕಟ್ಟಿರ್ತಾರೆ," ಎಂದ. "ಸರ್ಕಾರದ ಬುದ್ಧಿಯೇ ಅದು."

ಆಮೇಲೆ ಎದ್ದು ಬಾಗಿಲಿಗೆ ಹೋಗಿ, ಸಾಲಿನಲ್ಲಿದ್ದವರಿಗೆ, "ಮನೆ ಇನ್ನು ಬಾಡಿಗೆಗಿಲ್ಲ, ಎಲ್ರೂ ಹೊರಡಿ," ಎಂದ. ಜನ ಗೊಣಗುತ್ತ ಚದುರಿದರು. ಹೇಮಚಂದ್ರನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಮನೆ ರೆಡಿಯಾಗಿದೆಯೆಂದು ಸಿಂಧುಗೆ ಮೆಸೇಜು ಕಳಿಸಿದ. ಕಿಟಕಿಯಾಚೆ ನೋಡಿದರೆ ಹಿತ್ತಲಲ್ಲಿ ನಿಜವಾಗಿಯೂ ಒಂದು ಸೇಬಿನ ಮರ, ಕೆಂಪು ಹಣ್ಣು ಹೊತ್ತು ನಿಂತಿತ್ತು. ಅದರ ಫೋಟೋವನ್ನೂ ಕಳಿಸಿದ. ಮರಕ್ಕೆ ಪೂಜೆ ಮಾಡಲು ಅಮ್ಮ ಅರಿಶಿನ ಕುಂಕುಮ ಕಟ್ಟಿಕೊಳ್ಳುತ್ತಿದ್ದಾರೆ ಎಂದು ತಕ್ಷಣ ಉತ್ತರ ಬಂತು.

ಎಮನ್ ಮಹಡಿಯಿಂದ ದೊಡ್ಡದೊಂದು ಸೂಟ್‌ಕೇಸ್ ಇಳಿಸುತ್ತಿದ್ದ. ಹೇಮಚಂದ್ರ ಓಡಿಹೋಗಿ ಕೈಜೋಡಿಸಿ, ಅದನ್ನು ಬಾಗಿಲ ಕಡೆ ಎಳೆದ. ಎಮನ್ ಅದನ್ನು ಈ ಕಡೆ ಎಳೆದುಕೊಂಡು, ಮೇಜಿನ ಮೇಲಿಟ್ಟು, ಮುಚ್ಚಳ ತೆಗೆದು, ಒಂದೊಂದೇ ಅಂಗಿ ಹೊರಗಿಡತೊಡಗಿದ.

"ಏನ್ ಸರ್ ಇದು, ಬಿಚ್ತಿದ್ದೀರಲ್ಲ?"

"ಟಿಕೆಟ್ ಕ್ಯಾನ್ಸಲ್ ಮಾಡ್ತೀನಿ. ನಮ್ಮೂರಿನ ಮಾತಾಡೋಕೆ ಒಬ್ರೂ ಇಲ್ಲ ಅಂತ ತಾನೇ ಹೊರಟಿದ್ದು? ಊರೇ ನನ್ನ ಅಡುಗೆಮನೆಗೆ ಬಂದ್ಮೇಲೆ ನಾನ್ಯಾಕೆ ಅಷ್ಟು ದೂರ ಹೋಗ್ಲಿ?"

"ಹಂಗಾದ್ರೆ ಮನೆ?"

"ಮನೆಗೇನು, ಗ್ರ್ಯಾಂಡ್ ಆಗಿದೆ. ನಾನೇ ಇರ್ತೀನಿ. ನೀನು ದಿನಾ ಸಂಜೆ ಬಾ, ಮಾತಾಡೋಣ. ನಾಳೆ ಶಾಲೆ ಮೇಷ್ಟ್ರ ಸುದ್ದಿ ಹೇಳು," ಎಂದು ಎಮನ್ ಅವನ ಕೈಗೆ ಒಂದು ಚೀಲ ಸೇಬು ಕೊಟ್ಟ.

ಹೊರಗೆ ಬ್ರಿಡಿ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ದೇವರೇ ನಿನ್ನ ಕಳಿಸಿದ, ಮಗೂ. ಇನ್ನು ನಾವೆಲ್ಲ ನಿಶ್ಚಿಂತೆಯಾಗಿ ಪಬ್ಬಿಗೆ ಹೋಗ್ಬಹುದು. ಒಂದು ಸಂಜೇನೂ ತಪ್ಪಿಸ್ಬೇಡ."

ಕಾರಿನಲ್ಲಿ ಕಾಯುತ್ತಿದ್ದ ಗಗನ್, ನೀಲಾ ಅವನ ಮುಖ ನೋಡಿ ಏನೂ ಕೇಳಲಿಲ್ಲ. ನೀಲಾ ಸುಮ್ಮನಿದ್ದದ್ದು ಅದೇ ಮೊದಲು. ಅಷ್ಟರಲ್ಲಿ ಸಿಂಧುವಿನ ಫೋನು ಬಂತು.

"ರೀ, ಅಮ್ಮ ಕೇಳ್ತಿದ್ದಾರೆ, ಓನರ್ ಹೇಗಂತೆ? ಕಿರಿಕಿರಿ ಇಲ್ಲ ತಾನೆ?"

ಹೇಮಚಂದ್ರ ತೊಡೆಯ ಮೇಲಿದ್ದ ಸೇಬುಗಳನ್ನು ನೋಡಿದ.

"ಬಹಳ ಒಳ್ಳೇವ್ರು," ಎಂದ. "ನಮ್ಮೂರೋರೇ."

ಇಸ್ತ್ರಿ ಟೇಬಲ್ಲನ್ನು ಎಲ್ಲಿಗೆ ಸರಿಸಿದರೆ ಆ ಪುಟ್ಟ ಕೋಣೆಯಲ್ಲಿ ಅತ್ತೆಯವರಿಗೂ ಜಾಗವಾಗುತ್ತದೆ ಎಂದು ಗಗನ್ ಯೋಚಿಸುತ್ತ ಕಾರು ಸ್ಟಾರ್ಟ್ ಮಾಡಿದ.