ಠಾಣಾ ಕುಶನೂರಿನಲ್ಲಿ ನಾನು ನೋಡಿದ ಒಂದೇ ಕೂಸು

ಕೂಸನ್ನು ತಕ್ಕಡಿಯಲ್ಲಿ ಇಡಬೇಕು, ತೂಕ ಬರೆಯಬೇಕು, ಇಳಿಸಬೇಕು. ಇದರಲ್ಲಿ ತಪ್ಪುವುದಕ್ಕೆ ಏನಿದೆ ಎಂದು ನಾನು ಬಲವಾಗಿ ನಂಬಿದ್ದೆ.

ನಮ್ಮ ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ವಕೀಲರು, ಮಾಸ್ತರರು, ಅಂಗಡಿಕಾರರು ಕೂಡಿ ಬಡ ತಾಯಿ-ಮಕ್ಕಳಿಗಾಗಿ ಒಂದು ಸೇವಾ ಸಂಘ ಕಟ್ಟಿದ್ದೆವು. ನಾನು ಅದರ ಕಾರ್ಯದರ್ಶಿ. ಠಾಣಾ ಕುಶನೂರಿನ ಶಿಬಿರ ನನ್ನ ಪಾಲಿಗೆ ಬಂತು. ಔರಾದಿಗೆ ಹೋಗುವ ಡಾಕ್ಟರಬಾಯಿ ಮಧ್ಯಾಹ್ನ ಅಲ್ಲಿ ಒಂದು ತಾಸು ನಿಲ್ಲುತ್ತಾರೆ. ಅಷ್ಟರಲ್ಲಿ ಕೂಸುಗಳ ತೂಕದ ಪಟ್ಟಿ ಸಿದ್ಧವಿರಬೇಕು. ಸೊರಗಿದವಕ್ಕೆ ಹಾಲಿನ ಪುಡಿ, ಔಷಧ ಸಿಗುತ್ತದೆ. ಪಟ್ಟಿಯಲ್ಲಿ ಇಲ್ಲದವಕ್ಕೆ ಇಲ್ಲ.

ಅಷ್ಟಕ್ಕೇ ಸುಮ್ಮನಿದ್ದರೆ ನಾನು ಕಾರ್ಯದರ್ಶಿ ಹೇಗಾದೇನು? ಎಲ್ಲಕ್ಕಿಂತ ದಪ್ಪ ಕೂಸಿಗೆ ಹಿತ್ತಾಳೆ ತಂಬಿಗೆ ಬಹುಮಾನ ಎಂದು ಡಂಗುರ ಸಾರಿಸಿದೆ!

ಹೆಂಡತಿ ಶಾಂತಾಬಾಯಿ ಹಣೆ ಚಚ್ಚಿಕೊಂಡಳು. "ಹಡೆದಾಕಿ ತನ್ನ ಕೂಸು ದಪ್ಪ ಅದ ಅಂತ ನಾಕು ಮಂದಿ ಮುಂದ ತೋರಿಸ್ತಾಳೇನ್ರಿ? ನೆದರು ಹತ್ತತದ, ಕೂಸಿಗಿ ದೃಷ್ಟಿ ಆಗ್ತದ."

"ಇದು ವಿಜ್ಞಾನದ ಕಾಲ," ಎಂದು ಹೇಳಿ ಬಸ್ಸು ಹತ್ತಿದೆ. ಮಡಿಲಲ್ಲಿ ಭಾಲ್ಕಿಯ ವ್ಯಾಪಾರಿಯಿಂದ ಬೇಡಿ ತಂದ, ಜೋಳ ತೂಗುವ ತರಾಜು.

ಊರಿನ ಸೂಲಗಿತ್ತಿ ಕಾಶೀಬಾಯಿ ಹೇಗೋ ಹೆಂಗಸರನ್ನು ಶಾಲೆಯ ಅಂಗಳಕ್ಕೆ ಕರೆತಂದಿದ್ದಳು. ಎಲ್ಲ ಕೂಸುಗಳೂ ಸೆರಗಿನೊಳಗೇ ಇದ್ದವು. ಒಬ್ಬಳು ಧೈರ್ಯ ಮಾಡಿ ಸೆರಗು ಸರಿಸಿದಳು. ಉಳಿದವರಿಗೆ ಹುರುಪು ಬರಲಿ ಎಂದು ನಾನು ಕೂಗಿದೆ: "ಅಬಬಬ! ಎಂಥಾ ಗುಂಡು ಕೂಸು! ಕೈಕಾಲು ನೋಡ್ರಿ!"

ಕೂಸು ಕಿಟಾರನೆ ಕಿರುಚಿತು. ತಾಯಿ ಥೂ ಥೂ ಎಂದು ಮೂರು ಸಲ ಉಗುಳಿ ಓಡಿದಳು. ಹಿಂದೆಯೇ ಇಡೀ ಅಂಗಳ ಓಡಿತು. ಉಳಿದದ್ದು ನಾನು, ತರಾಜು, ತಂಬಿಗೆ.

ಸ್ವಲ್ಪ ಹೊತ್ತಿಗೆ ಮೂವರು ಮುದುಕಿಯರು ಬಂದು, ನಾನು ನಿಂತ ಜಾಗದ ಮಣ್ಣನ್ನು ಚಿಟಿಕೆ ಚಿಟಿಕೆ ತೆಗೆದುಕೊಂಡರು. ಪಾದಧೂಳಿ! ನನ್ನ ಸೇವೆಯನ್ನು ಜನ ಕೊನೆಗೂ ಗುರುತಿಸಿದರಲ್ಲ ಎಂದು ಕಣ್ಣು ತುಂಬಿ ಬಂತು. ಅವರಿಗೆ ಅನುಕೂಲವಾಗಲೆಂದು ಚಪ್ಪಲಿ ಬಿಟ್ಟು ಪಾದ ಮುಂದೆ ಚಾಚಿ, "ಸುಖವಾಗಿರ್ರಿ" ಎಂದು ಹರಸಿದೆ.

"ಆಶೀರ್ವಾದ ಸಾಕು ಮಾಡ್ರಿ ಸಾಹೇಬ್ರ," ಎಂದಳು ಅವರ ಹಿಂದೆಯೇ ಬಂದ ಕಾಶೀಬಾಯಿ. "ಯಾರ ನೆದರು ಹತ್ತತದೋ ಅವರ ಕಾಲಾಗಿನ ಮಣ್ಣ ಕೂಸಿಗಿ ನಿವಾಳಿಸಿ ಒಲಿಯಾಗ ಹಾಕ್ತಾರ."

ನಾನು ಪಾದ ಒಳಗೆಳೆದುಕೊಂಡೆ.

"ನಮ್ಮ ಸರೂಬಾಯಿ ಕೂಸಿಗಿ ಎಂಟು ತಿಂಗಳು. ಕುತ್ತಿಗಿ ಸೈತ ನಿಂದರವಲ್ದು. ಅದಕ್ಕಾರ ಹಾಲು ಸಿಗಬೇಕ್ರಿ," ಎನ್ನುವಾಗ ಅವಳ ದನಿ ತಗ್ಗಿತು. "ಮಂದೀನ ನಾ ಕರಕೊಂಡು ಬರ್ತೇನಿ. ನೀವು ಗ್ವಾಡಿ ಕಡಿ ಮಕ ಮಾಡಿ ಕೂಡ್ರಿ. ನಾ ತೂಗ್ತೇನಿ, ನೀವು ಬರೀರಿ. ಬಾಯಿ ಮಾತ್ರ ತೆರೀಬ್ಯಾಡ್ರಿ."

ಸಂಘದ ಗೌರವಾನ್ವಿತ ಕಾರ್ಯದರ್ಶಿಯು ತಲೆಯ ಮೇಲೆ ಟವೆಲ್ ಹೊದ್ದು ಗೋಡೆ ನೋಡುತ್ತ ಕುಳಿತನು. ಬೆನ್ನ ಹಿಂದಿನಿಂದ ತೂಕ ಬರುತ್ತಿತ್ತು: ಆರು ಸೇರು, ಏಳು ಸೇರು, ಐದೂವರೆ. ಮೂವತ್ತೊಂದನೆಯದು ಸರೂಬಾಯಿಯ ಕೂಸು. ತೂಕದ ಕಲ್ಲು ತೆಗೆದಿಟ್ಟ ಸದ್ದು ಕೇಳಿತು, ಆಮೇಲೆ ಇನ್ನೊಂದು ತೆಗೆದಿಟ್ಟ ಸದ್ದು. "ನಾಕು ಸೇರೂ ಇಲ್ರಿ," ಎಂದಳು ಕಾಶೀಬಾಯಿ. ತಿರುಗಿ ನೋಡಬೇಕೆಂದು ಜೀವ ಚಡಪಡಿಸಿತು. ನೋಡಲಿಲ್ಲ. ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ.

ಡಾಕ್ಟರಬಾಯಿ ಬಂದರು. ಪಟ್ಟಿ ನೋಡಿ ಮೊದಲ ಡಬ್ಬಿ ಸರೂಬಾಯಿಗೇ ಕೊಟ್ಟರು. ಆಮೇಲೆ, "ಗ್ವಾಡಿ ನೋಡಕೋತ ಕುಂತಾವ್ರು ಯಾರು?" ಎಂದು ಕೇಳಿದರು.

"ನಮ್ಮ ಸಾಹೇಬ್ರು. ತಾವೂ ಅವರ ಮುಂದ ಹೋಗಬ್ಯಾಡ್ರಿ," ಎಂದಳು ಕಾಶೀಬಾಯಿ.

ಮನೆಗೆ ಬಂದಾಗ ಶಾಂತಾಬಾಯಿ ನಮ್ಮ ಆರು ತಿಂಗಳ ಮಗಳನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ನಾನು ನಡೆದದ್ದನ್ನೆಲ್ಲ ಹೇಳಿದೆ. ಮೂವತ್ತೊಂದು ಕೂಸಿನ ತೂಕ ಬರೆದೆ, ನೋಡಿದ್ದು ಒಂದೇ ಎಂದೆ. ಇದು ವಿಜ್ಞಾನದ ಕಾಲ ಎಂದು ಮತ್ತೊಮ್ಮೆ ನೆನಪಿಸಿ, ಮಗಳತ್ತ ಕೈ ಚಾಚಿದೆ.

ಅವಳು ಬಗ್ಗಿ ನನ್ನ ಚಪ್ಪಲಿಯ ಕೆಳಗಿಂದ ಒಂದು ಚಿಟಿಕೆ ಮಣ್ಣು ತೆಗೆದುಕೊಂಡು ಒಲೆಯ ಕಡೆಗೆ ಹೋದಳು.