ಮಧುಮತಿಯ ಬೆವರೂ ಮಲ್ಲಿನಾಥನ ಕಾಟನ್ನೂ

ಹೆಂಡತಿ ಬೆವತರೆ ಗಂಡನ ವ್ಯಾಪಾರ ಕೆಡುತ್ತದೆ ಎಂದು ಮಲ್ಲಿನಾಥನಿಗೆ ಯಾವ ಜ್ಯೋತಿಷಿಯೂ ಹೇಳಿರಲಿಲ್ಲ.

ಬನಹಟ್ಟಿಯಲ್ಲಿ ಅವನದು ಸೀರೆ ಅಂಗಡಿ. ಹಿಂದೆ ಪಾವರಲೂಮು, ಮುಂದೆ ಗಾದಿ, ಗಾದಿಯ ಮೇಲೆ ಹೆಂಡತಿ ಮಧುಮತಿ. ಅಂಗಡಿಯ ಸೀರೆಯನ್ನೇ ಉಡಿಸಿ ಅವಳನ್ನು ಅಲ್ಲಿ ಕೂಡಿಸಿದರೆ ಜಾಹೀರಾತಿಗೆ ಖರ್ಚಿಲ್ಲ (ಸಂಬಳವೂ ಇಲ್ಲ) ಎಂಬುದು ಅವನ ವಾಣಿಜ್ಯ ಮೇಧಾಶಕ್ತಿಯ ಫಲ. ಬಂದವರಿಗೆಲ್ಲ ಒಂದೇ ಮಂತ್ರ: "ಪ್ಯೂರ್ ಕಾಟನ್ ರೀ. ನಮ್ಮ ಮನಿಯವರು ಉಟ್ಟಾರ ನೋಡ್ರಿ. ಮೈಮ್ಯಾಲೆ ಸೀರಿ ಐತೋ ಇಲ್ಲೋ ಅನ್ನೂದ ಗೊತ್ತಾಗಂಗಿಲ್ಲ!"

ಮಧುಮತಿಗೆ ಐವತ್ತು ತುಂಬಿತು. ಮುಟ್ಟು ಆಗೊಮ್ಮೆ ಈಗೊಮ್ಮೆ ಮುಖ ತೋರಿಸಿ, ಕಡೆಗೆ ಹೇಳದೆ ಕೇಳದೆ ರಜೆ ಹಾಕಿತು. ಅದರ ಬದಲಿಗೆ ಬಂದದ್ದು ಝಳ. ಕೂತಲ್ಲೇ ಎದೆಯಿಂದ ಹೊರಟ ಬಿಸಿ ಕುತ್ತಿಗೆ ಹತ್ತಿ ಮುಖಕ್ಕೆ ನುಗ್ಗುತ್ತಿತ್ತು. ಹಣೆಯ ಕುಂಕುಮ ಮೂಗಿಗಿಳಿದು, ಕುಪ್ಪಸ ತೊಯ್ದು ತೊಪ್ಪೆಯಾಗಿ, ಸ್ವಲ್ಪ ಹೊತ್ತಿಗೆಲ್ಲ ಚಳಿಗೆ ಮೈ ನಡುಗುತ್ತಿತ್ತು.

ಒಂದು ಮಧ್ಯಾಹ್ನ ಬೀಳಗಿಯ ಗಿರಾಕಿ ಶಿವವ್ವ ಎದುರಿಗೆ ಹಾಸಿದ ಸೀರೆಗಳನ್ನು ಬಿಟ್ಟು ಮಧುಮತಿಯನ್ನೇ ನೋಡತೊಡಗಿದಳು.

"ಪ್ಯೂರ್ ಕಾಟನ್ ಅಂತೀರಿ. ಮತ್ತ ಅಕ್ಕಾರು ಇಷ್ಟ್ಯಾಕ ಬೆವರಾಕತ್ತಾರ್ರಿ?"

"ಅದು... ಬಿಸಲಿಗೆ ರೀ," ಎಂದ ಮಲ್ಲಿನಾಥ.

"ಡಿಸೆಂಬರದಾಗ ಎಲ್ಲಿ ಬಿಸಲ್ರೀ?" ಎಂದು ಶಿವವ್ವ ಚೀಲ ಎತ್ತಿಕೊಂಡು ನಡೆದೇಬಿಟ್ಟಳು.

ಅಂದಿನಿಂದ ಹೆಂಡತಿಯ ದೇಹದ ಆಡಳಿತವನ್ನು ಮಲ್ಲಿನಾಥ ಖುದ್ದಾಗಿ ವಹಿಸಿಕೊಂಡ. ಮೊಬೈಲು ನೋಡಿ ಒಂದೇ ಸಂಜೆಯಲ್ಲಿ ಪಂಡಿತನಾದ. ಮಧುಮತಿಗೆ ಖಾರ ಬಂದ್, ಚಾ ಬಂದ್. ಗಾದಿಯ ಪಕ್ಕ ಟೇಬಲ್ ಫ್ಯಾನು ಬಂತು. ಅದರ ಗಾಳಿಗೆ ಮಡಿಕೆ ಬಿಚ್ಚಿದ ಸೀರೆಗಳು ಹಾರಿ ರಸ್ತೆಗೆ ಹೋದವು. ಬೆವರು ಮಾತ್ರ ಕದಲಲಿಲ್ಲ.

"ಸಿಟ್ಟಿಗೂ ಝಳ ಬರತೈತಂತ. ನಕ್ಕೋತ ಇರು," ಎಂದು ಉಪದೇಶಿಸಿದ.

"ನೀವು ಎದುರಿಗೆ ಇಲ್ಲದಾಗ ನಕ್ಕೋತನ ಇರ್ತೀನ್ರಿ. ಅಲ್ರಿ, ಅರಿವಿ ಎಂಥಾದ್ದು ಉಡಬೇಕಂತ ಬರದಿಲ್ಲೇನ್ರಿ ಮೊಬೈಲಿನ್ಯಾಗ?"

ಮಲ್ಲಿನಾಥ ಕಿವಿ ಕೇಳದವನಂತೆ ಫ್ಯಾನಿನ ವೈರು ಸರಿಮಾಡಿದ. ಯಾಕೆಂದರೆ ಅವನ ಪ್ಯೂರ್ ಕಾಟನ್ನಿನಲ್ಲಿ ಕಾಟನ್ನು ಹೆಸರಿಗಷ್ಟೇ; ಉಳಿದದ್ದೆಲ್ಲ ಪಾಲಿಸ್ಟರ್. ಇದು ಹೆಂಡತಿಗೆ ಗೊತ್ತಿಲ್ಲವೆಂದು ಅವನ ದೃಢ ನಂಬಿಕೆ. (ರಬಕವಿಯ ಕೈಮಗ್ಗದ ಮನೆಯಲ್ಲಿ ಹುಟ್ಟಿ ಬೆಳೆದವಳು! ಎರಡು ಬೆರಳಲ್ಲಿ ಸೆರಗು ಉಜ್ಜಿದರೆ ಸಾಕು, ನೂಲಿನ ಕುಲಗೋತ್ರ ಹೇಳುತ್ತಾಳೆ.) ಗಂಡನ ವ್ಯಾಪಾರ ಗಂಡನಿಗಿರಲಿ ಎಂದು ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದಳು. ಈಗ ಬೇಯುತ್ತಿರುವುದು ಅವಳ ಮೈ.

ಕಡೆಗೆ ಅವಳೇ ಜಮಖಂಡಿಯ ಡಾಕ್ಟರ್ ಪೂರ್ಣಿಮಾ ಅವರಲ್ಲಿಗೆ ಹೊರಟಳು. "ನಿನಗ ಸರಿ ಹೇಳಾಕ ಬರಂಗಿಲ್ಲ, ನಾ ಹೇಳ್ತೀನಿ," ಎಂದು ಮಲ್ಲಿನಾಥನೂ ಬೆನ್ನು ಹತ್ತಿದ.

ಡಾಕ್ಟರು ಮಧುಮತಿಯ ಓರಗೆಯವರೇ. ಎಲ್ಲ ಕೇಳಿಸಿಕೊಂಡು, ಕರ್ಚೀಫಿನಿಂದ ತಮ್ಮ ಕುತ್ತಿಗೆಯನ್ನೂ ಒರೆಸಿಕೊಂಡು ಹೇಳಿದರು: "ಇದು ರೋಗ ಅಲ್ರಿ. ಮುಟ್ಟು ನಿಲ್ಲೂ ವ್ಯಾಳ್ಯಾಕ್ಕ ಹಾರ್ಮೋನು ಕಡಿಮಿ ಆಗಿ ಮೈಯ ಕಾವಿನ ಹಿಡಿತ ತಪ್ಪತೈತಿ. ಕೆಲವರಿಗೆ ವರ್ಷಗಟ್ಟಲೆ ಇರತೈತಿ. ಖಾರ, ಚಾ ಎಲ್ಲಾ ಬಿಡಬ್ಯಾಡ್ರಿ, ಯಾವುದರಿಂದ ನಿಮಗ ಹೆಚ್ಚಾಗತೈತೋ ಅದನ್ನಷ್ಟ ಬಿಡ್ರಿ. ಝಳ ಬಂದಾಗ ನಿಧಾನಕ ಉಸಿರಾಡ್ರಿ. ತಡಕೊಳ್ಳಾಕ ಆಗಲಿಲ್ಲಂದ್ರ ಗುಳಿಗಿನೂ ಅದಾವ. ಆದ್ರ ಮೊದಲ ಅರಿವಿ ನೋಡ್ರಿ. ತೆಳ್ಳನ ಕಾಟನ್ ಉಡ್ರಿ."

"ಉಡೂದ ಕಾಟನ್ ರೀ," ಎಂದ ಮಲ್ಲಿನಾಥ. ವರ್ಷಗಳ ಅಭ್ಯಾಸ, ನಾಲಿಗೆ ತಾನಾಗಿಯೇ ಓಡಿತು. "ಪ್ಯೂರ್ ಕಾಟನ್!"

"ಅಷ್ಟಾದ್ರೂ ಇಷ್ಟು ಬೆವರಂದ್ರ, ತಪಾಸಿ ಮಾಡಿ ಗುಳಿಗಿನ ಸುರು ಮಾಡಬೇಕು," ಎಂದು ಡಾಕ್ಟರು ಪೆನ್ನು ಎತ್ತಿಕೊಂಡರು.

"ಬರೀರಿ ಡಾಕ್ಟರ," ಎಂದಳು ಮಧುಮತಿ ಮೆತ್ತಗೆ. "ನಮ್ಮ ಮನಿಯವರು ಸುಳ್ಳ ಹೇಳಂಗಿಲ್ಲ."

ಮಲ್ಲಿನಾಥ ಹೆಂಡತಿಯ ಕಡೆ ನೋಡಿದ. ಕುಪ್ಪಸ ಬೆನ್ನಿಗೆ ಅಂಟಿತ್ತು, ಕಿವಿಯ ಹಿಂದಿನಿಂದ ಬೆವರು ಇಳಿಯುತ್ತಿತ್ತು. ತನ್ನ ಪಾಲಿಸ್ಟರಿನ ಪಾಪಕ್ಕೆ ಇವಳು ಗುಳಿಗೆ ನುಂಗಬೇಕೇ ಎಂದು ಎದೆ ಚುರ್ ಎಂದಿತು. ಸುಳ್ಳನಾದರೂ ಅವನು ಹೆಂಡತಿಯ ಮೇಲೆ ಜೀವ ಇಟ್ಟವನು.

"ತಡೀರಿ ತಡೀರಿ... ಅದರಾಗ ಸ್ವಲ್ಪ ಪಾಲಿಸ್ಟರ್ ಐತ್ರಿ."

"ಎಷ್ಟು ಸ್ವಲ್ಪ?" ಎಂದಳು ಮಧುಮತಿ.

"ಕಾಟನ್ ಸ್ವಲ್ಪ ಐತಿ."

ಡಾಕ್ಟರು ಪೆನ್ನು ಕೆಳಗಿಟ್ಟರು. ನಿಧಾನವಾಗಿ ತಾವು ಉಟ್ಟ ಸೀರೆಯ ಸೆರಗನ್ನು ಕೈಗೆತ್ತಿಕೊಂಡು ನೋಡಿದರು.

"ದೀಪಾವಳಿಗೆ ನಿಮ್ಮ ಅಂಗಡಿಯಾಗ ನಾಕು ತಗೊಂಡೀನ್ರೀ ನಾ! ದಿನಾ ಇಲ್ಲಿ ಕುಂತು ಬೆವತು ಬೆವತು, ನನಗೂ ಸುರು ಆತು ಅಂತ ತಿಳಕೊಂಡು ರಕ್ತಾ ತಪಾಸಿ ಮಾಡಿಸ್ಕೊಂಡೆನಲ್ರೀ!"

ಮಲ್ಲಿನಾಥ ಮೇಲಿನ ಫ್ಯಾನನ್ನು ಆಳವಾಗಿ ಅಧ್ಯಯನ ಮಾಡತೊಡಗಿದ. ಮಧುಮತಿ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕಳು. ಡಾಕ್ಟರಿಗೂ ನಗು ತಡೆಯಲಿಲ್ಲ.

"ಖರೇ ಕಾಟನ್ ಎಲ್ಲಿ ಸಿಗತೈತಿ ಹೇಳ್ರೆವಾ," ಎಂದರು ಕಣ್ಣೊರೆಸಿಕೊಂಡು.

"ರಬಕವಿಯಾಗ ನಮ್ಮ ಅಣ್ಣನ ಮಗ್ಗದಾಗ್ರಿ. ನಿಮಗ ನಾಕು, ನರ್ಸಬಾಯಾರಿಗೆ ಎರಡೆರಡು ನೇಯಿಸಿ ತರ್ತೀನಿ. ಉಟ್ಟು ನೋಡಿ ಆಮ್ಯಾಲೆ ರೊಕ್ಕ ಕೊಡ್ರಿ."

ವ್ಯಾಪಾರದ ವಾಸನೆ ಹತ್ತಿದ್ದೇ ಮಲ್ಲಿನಾಥನಿಗೆ ಜೀವ ಬಂತು. "ಆರ್ಡರ್ ಅಂಗಡಿ ಹೆಸರಿಗೆ ಬರಕೋ ಮಧು!"

"ಯಾ ಅಂಗಡಿರೀ? ಇದು ನನ್ನ ಆರ್ಡರ್," ಎಂದಳು ಮಧುಮತಿ. ಅಷ್ಟರಲ್ಲಿ ಮತ್ತೆ ಝಳ ಏರಿತು. ಅವಳು ಗಾಬರಿಯಾಗದೆ ಕಣ್ಣು ಮುಚ್ಚಿ ನಿಧಾನಕ್ಕೆ ಉಸಿರೆಳೆದಳು. "ನೀವು ಹೊರಗ ಕೂಡ್ರಿ, ಗಾಳಿಗೆ ಅಡ್ಡ ನಿಂತೀರಿ. ನಾವು ಬಣ್ಣ ಆರಿಸಿ ಬರ್ತೀವಿ."

ಮಲ್ಲಿನಾಥ ಹೊರಗೆ ಬಂದ. ಬೆಂಚಿನ ಮೇಲೆ ಮೂವರು ಹೆಂಗಸರು ತಮ್ಮ ಪಾಳಿಗೆ ಕಾಯುತ್ತ, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಅವನ ಕಣ್ಣು ರೂಢಿಯಂತೆ ಸೀರೆಗಳ ಅಂಚಿನ ಮೇಲೆ ಬಿತ್ತು. ಮೂರೂ ಅವನವೇ.

"ಬರ್ರಿ ಸಾವ್ಕಾರ, ಕೂಡ್ರಿ," ಎಂದು ಅವರಲ್ಲೊಬ್ಬಳು ಸರಿದು ಜಾಗ ಮಾಡಿಕೊಟ್ಟಳು. "ಒಳಗಿಂದೆಲ್ಲಾ ಕೇಳಿಸ್ತ್ರಿ."