ಹೊಂಡದ ಮೀನಿಗೆ ನೈವೇದ್ಯ

ರೊಟ್ಟಿ ಬಡಿಯುವಾಗ ಯಾರೂ ನನ್ನನ್ನು ಮಾತನಾಡಿಸಬಾರದು. ಇದು ನನ್ನ ಸೊಕ್ಕಲ್ಲ, ಜೋಳದ ಸ್ವಭಾವ. ಕೈ ನಿಂತರೆ ಅಂಚು ಸೀಳುತ್ತದೆ. ಆ ಅಮಾವಾಸ್ಯೆಯ ಬೆಳಿಗ್ಗೆ ಎಂಟನೆಯ ರೊಟ್ಟಿ ಇನ್ನೂ ಕೈಕೆಳಗೆ ತಿರುಗುತ್ತಿತ್ತು, ದ್ರಾಕ್ಷಿ ತೋಟದ ಕೆಲಸಕ್ಕೆ ಬರುವ ಗಂಗವ್ವ ಏದುಸಿರು ಬಿಡುತ್ತ ಬಾಗಿಲಿಗೆ ಬಂದಳು. “ಬಾಯಾರ, ನಿಮ್ಮ ಮೀನ ಎಲ್ಲಾ ಮ್ಯಾಲ ಬಂದು ಬಾಯಿ ತಕ್ಕೊಂಡು ನಿಂತಾವ್ರಿ!” ರೊಟ್ಟಿ ಸೀಳಿತು. ಆದರೆ ನನಗೆ ಸಂತೋಷವೇ ಆಯಿತು ಅನ್ನಬೇಕು. ಮೂಕಜೀವಗಳಿಗೂ ಅಮಾವಾಸ್ಯೆ ಗೊತ್ತಾಗುತ್ತದಲ್ಲ ಶಿವನೇ, ಪ್ರಸಾದಕ್ಕೆ ಬಂದಾವೆ, ಅಂದುಕೊಂಡೆ.

ನಮ್ಮದು ತತ್ತಿ ಸಹ ಹೊಸ್ತಿಲು ದಾಟದ ಮನೆ. ಅಂಥ ಮನೆಗೆ ಮೀನು ಹೇಗೆ ಬಂದವು ಅಂದರೆ, ಯಜಮಾನರು ಅಥಣಿಯಲ್ಲಿ ಮೂರು ದಿನ ಎಂಥದೋ ತರಬೇತಿಗೆ ಹೋಗಿ ಬಂದಿದ್ದರು. ನಮ್ಮದು ಕಾಗವಾಡದ ಕಡೆ, ದ್ರಾಕ್ಷಿಗೆ ನೀರು ಹಿಡಿಯಲು ತೋಡಿದ ಹೊಂಡ ತೋಟದಲ್ಲಿತ್ತು. “ನೀರು ಸುಮ್ಮನ ಕುಂತೈತಿ, ಮೀನರ ಬೆಳೀಲಿ” ಅಂದರು. ಅತ್ತೆಯವರು ಮೂರು ದಿನ ಮಾತು ಬಿಟ್ಟು ನಾಲ್ಕನೆಯ ದಿನ ಒಪ್ಪಿದರು, ಒಂದು ಕರಾರಿನ ಮೇಲೆ. “ಮಿರಜದ ವ್ಯಾಪಾರಸ್ಥರು ಬಂದು ಜೀವಂತ ಒಯ್ಯಲಿ. ಆಮ್ಯಾಲಿಂದು ಅವರ ಪಾಪ. ನಮ್ಮ ಬದುವಿನೊಳಗ ಒಂದು ಸತ್ತರೂ ಅವತ್ತ ಹೊಂಡ ಮುಚ್ಚಸ್ತೇನಿ.” ಪಾಪವನ್ನು ಹೀಗೆ ಬದುವಿನಾಚೆ ಇಡುವ ಜಾಣತನ ನಮ್ಮ ಅತ್ತೆಯವರೊಬ್ಬರದೇ.

ಹುಟ್ಟಿದಾಗಿನಿಂದ ಗುಡಿಯ ಹೊಂಡದ ಮೀನಿಗೆ ಚುರುಮುರಿ ಹಾಕಿ ಕೈಮುಗಿದವಳು ನಾನು. ಮನೆಯಲ್ಲೇ ಆ ಪುಣ್ಯ ಸಿಕ್ಕರೆ ಬಿಡುವುದುಂಟೇ? ಮೊದಲು ಸೋಮವಾರಕ್ಕೊಂದು ಹಿಡಿ ಅನ್ನ. ಆಮೇಲೆ ದಿನಾ ನೈವೇದ್ಯದ ಹುಗ್ಗಿ, ಉಳಿದ ರೊಟ್ಟಿ, ಕಡುಬಿನ ಚೂರು. ನೀರು ಹಸಿರಾಯಿತು, ಮುಂದೆ ಪಾಲಕದ ಸಾರಿನ ಹಾಗೆ ಗಟ್ಟಿಯಾಯಿತು. ಯಜಮಾನರು ದಂಡೆಯಲ್ಲಿ ಕೂತು, “ಮೂರು ತಿಂಗಳಾತು, ಇನ್ನೂ ಬೆರಳಿನಷ್ಟ ಅದಾವ. ಯಾಕ ಬೆಳೀವಲ್ಲವೋ!” ಎಂದು ತಲೆ ಕೆರೆದುಕೊಳ್ಳುವರು. ಹಸಿವಿರಬೇಕು ಪಾಪ, ಎಂದು ನಾನು ಮರುದಿನ ಒಂದು ಬೊಗಸೆ ಜಾಸ್ತಿ ಹಾಕುತ್ತಿದ್ದೆ.

ಅಂತೂ ಆ ದಿನ ಬುಟ್ಟಿ ತುಂಬಿಕೊಂಡು ಓಡಿದೆ. ನಾಲ್ಕು ದಿನದಿಂದ ಮೋಡ, ಬಿಸಿಲಿನ ಸುಳಿವಿಲ್ಲ. ಹೊಂಡದ ತುಂಬ ಸಣ್ಣ ಸಣ್ಣ ಬಾಯಿಗಳು ತೆರೆದು ಮುಚ್ಚುತ್ತಿದ್ದವು, ಭಜನೆಗೆ ಕೂತವರ ಹಾಗೆ. ನಾನು ಕೈ ಎತ್ತಿದ್ದೇ ತಡ, ಹಿಂದಿನಿಂದ ಯಜಮಾನರು, “ಏ, ನಿಂದ್ರ! ಹಾಕಬ್ಯಾಡ! ಅವು ಹಸದು ಬಂದಿಲ್ಲ, ಉಸರು ಸಿಗಲಾರದ ಬಂದಾವ!” ಎಂದು ಒದರಿದರು. ಪಂಪು ಹಚ್ಚೋಣವೆಂದರೆ ಕರೆಂಟಿಲ್ಲ. “ನೀರು ಬಡೀರಿ, ಗಾಳಿ ಕೂಡಬೇಕು. ನಾ ಮೀನುಗಾರಿಕಿ ಸಾಹೇಬ್ರನ್ನ ಕರಕೊಂಡು ಬರ್ತೀನಿ” ಎಂದು ಮೋಟಾರ್ ಸೈಕಲ್ ಹತ್ತಿ ಅಥಣಿಗೆ ಹೋದರು.

ನೀರು ಬಡಿಯುವುದು ನನಗೇನು ಗೊತ್ತು? ಕೌದಿ ಒಗೆಯುವುದು ಗೊತ್ತು. ಮನೆಯ ಎರಡು ಕೌದಿ ತಂದು, ಗಂಗವ್ವ ಒಂದು ಮೂಲೆ, ನಾನೊಂದು ಮೂಲೆ, ಸೊಂಟದವರೆಗೆ ಇಳಿದು ಸಾಬಾಣವಿಲ್ಲದ ಒಗೆತ ಸುರುಮಾಡಿದೆವು. “ಬಾಯಾರ, ನನ್ನ ಲಗ್ನದಾಗೂ ಇಷ್ಟು ಒಗದಿಲ್ರಿ” ಅಂದಳು ಗಂಗವ್ವ. ಅತ್ತೆಯವರು ದಂಡೆಯ ಮೇಲೆ ಜಪಮಣಿ ಹಿಡಿದು, “ಜೋರ ಬಡೀರಿ! ರಟ್ಟ್ಯಾಗ ಕಸುವಿಲ್ಲೇನ?” ಎನ್ನುತ್ತಿದ್ದರು. ನನ್ನ ಬಾಯಲ್ಲಿ ಶಿವನಾಮ, ಮನಸ್ಸಿನಲ್ಲಿ ಒಂದೇ ಚಿಂತೆ. ಇವು ಸತ್ತರೆ ಹೊಂಡ ಮುಚ್ಚುತ್ತದೆ, ಆ ಮನುಷ್ಯ ಮತ್ತೆ ದಂಡೆಯಲ್ಲಿ ಕೂತು ಹಿಗ್ಗುವುದಿಲ್ಲ, ಹಾಕಬ್ಯಾಡ ಅಂದರೆಂದ ಮೇಲೆ ಮಾಡಿದವಳು ನಾನೇ ಇರಬೇಕು.

ದೇವರು ದೊಡ್ಡವನು, ಹತ್ತು ಗಂಟೆಗೆ ಕರೆಂಟು ಕೊಟ್ಟ. ಬಾವಿಯ ತಣ್ಣನೆಯ ನೀರು ಪೈಪಿನಿಂದ ಮೇಲಿಂದ ಧುಮುಕಿದ್ದೇ, ಮೀನೆಲ್ಲ ಅದರ ಬುಡಕ್ಕೆ ಓಡಿದವು. ಮಧ್ಯಾಹ್ನದ ಹೊತ್ತಿಗೆ ಒಂದೊಂದಾಗಿ ಕೆಳಗಿಳಿದವು. ಎರಡು ಮಾತ್ರ ಹೊಟ್ಟೆ ಮೇಲಾಗಿ ತೇಲಿದವು.

ಮೀನುಗಾರಿಕೆ ಸಾಹೇಬರು ಬಂದು ನೀರನ್ನು ಬೊಗಸೆಯಲ್ಲಿ ಎತ್ತಿ ಮೂಸಿ ನೋಡಿದರು. “ತಿಂದು ಉಳದದ್ದು ತಳದಾಗ ಕೊಳತೈತ್ರಿ. ಹಗಲು ಬಿಸಲಿದ್ರ ಈ ಹಸರು ಪಾಚಿನೇ ನೀರಿಗೆ ಉಸರು ಕೊಡತೈತಿ. ಮೋಡ ಮುಸುಕಿದ್ರ, ರಾತ್ರಿ ಆದ್ರ, ಅದೂ ಉಸರು ಕುಡೀತೈತಿ, ಕೊಳತದ್ದೂ ಕುಡೀತೈತಿ. ಮೀನಿಗೇನು ಉಳೀತು? ಇಂಥ ನೀರಾಗ ಜೀವ ಹಿಡಿಯೋದ ಕೆಲಸ, ಬೆಳೆಯೋದೆಲ್ಲಿ ಬಂತು? ಯಾರು ಹಾಕತಿದ್ರಿ?” ನಾನು ತಲೆ ತಗ್ಗಿಸಿ ಒಪ್ಪಿಕೊಂಡೆ, ದಿನಕ್ಕೆ ಅರ್ಧ ಬುಟ್ಟಿ ಎಂದು. ಸಾಹೇಬರು ತಲೆ ಅಲ್ಲಾಡಿಸಿದರು. “ಇದು ಅರ್ಧ ಬುಟ್ಟಿ ಕೆಲಸಲ್ರಿ ಅಕ್ಕಾರ.” ಅತ್ತೆಯವರ ಜಪಮಣಿ ಒಮ್ಮೆಲೇ ವೇಗ ಹಿಡಿಯಿತು. “ಸಂಜೀಮುಂದ ಒಂದೀಟು ನಾನೂ...” ಎಂದು ಆಕಾಶ ನೋಡಿದರು. ಆಮೇಲೆ ತೇಲುತ್ತಿದ್ದ ಎರಡರ ಕಡೆ ಕೈಮಾಡಿ, “ಅವುಗಳ ಆಯುಷ್ಯ ಮುಗದಿತ್ತು, ವಯಸ್ಸಾಗಿ ಹೋದವು” ಎಂದು ತೀರ್ಪು ಕೊಟ್ಟರು. ಮೂರು ತಿಂಗಳ ಮೀನಿಗೆ ವಯಸ್ಸು! ಹೊಂಡ ಮುಚ್ಚುವ ಮಾತು ಮತ್ತೆ ಬರಲಿಲ್ಲ. ಸಣ್ಣ ಕೃಪೆ ಅನ್ನಲೇ, ದೊಡ್ಡದೇ ಅನ್ನಲೇ.

ಹದಿನೈದು ದಿನ ಏನೂ ಹಾಕಬಾರದು, ಸುಣ್ಣ ಹಾಕಿ ಹೊಸ ನೀರು ಬಿಡಬೇಕು, ಮುಂದೆ ತಿನ್ನುವಷ್ಟೇ ಕೊಡಬೇಕು ಎಂದು ಹೇಳಿ ಸಾಹೇಬರು ಹೊರಟರು. ಅಮಾವಾಸ್ಯೆಯ ದಿನ ಉಣ್ಣದೆ ಕಳಿಸುವುದುಂಟೇ? ಕೂಡ್ರಿಸಿದೆ. ನಾಲ್ಕು ಹೋಳಿಗೆಯಾದ ಮೇಲೆ, “ಸಾಕ್ರಿ ಅಕ್ಕಾರ” ಅಂದರು. ನಮ್ಮಲ್ಲಿ ಮೊದಲನೆಯ ಸಾಕು ಮರ್ಯಾದೆಯದು, ಐದನೆಯದು ಹಾಕಿದೆ. ಎರಡನೆಯ ಸಾಕು ಸಂಕೋಚದ್ದು, ಆರನೆಯದು ಬಿತ್ತು. ಮೂರನೆಯ ಸಲ ಅವರಿಗೆ ಮಾತೇ ಬರಲಿಲ್ಲ. ಗೋಡೆಗೆ ಒರಗಿ ಬಾಯಿ ತೆರೆದರು, ಮುಚ್ಚಿದರು, ತೆರೆದರು. ನಾನು ಬೇಕೇನೋ ಎಂದು ತುಪ್ಪದ ಮಿಳ್ಳಿ ಎತ್ತಿದೆ. ಯಜಮಾನರು ನನ್ನ ಕೈ ಹಿಡಿದರು. “ಮೀನಂತೂ ಉಳದಾವು, ಸಾಹೇಬ್ರನ್ನೂ ಉಳಸೋಣು.”

ನಾಚಿಕೆಯಾಯಿತು. ಸುಳ್ಳೇಕೆ, ಅಷ್ಟರಲ್ಲಿ ಒಂದು ಮಿಳ್ಳಿ ಬಿದ್ದೇಬಿಟ್ಟಿತ್ತು. ತಾಟು ಎತ್ತಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಎಮ್ಮೆಗೆ ಹಿಂಡಿ ಕಲಸಲು ಹಿತ್ತಲಿಗೆ ಹೋದೆ. ಎರಡು ಬೊಗಸೆ ದಿನದ ಲೆಕ್ಕ. ಹಾಕಿದೆ. ಎಮ್ಮೆ ನನ್ನ ಮುಖ ನೋಡಿತು. ಪಾಪ, ಅನ್ನಿಸಿತು.